‘ಇನ್ನೂ ರೋಡಿಗೆ ಬಂದಿಲ್ವಾ’ ಅಂತ ಕೇಳುವವರಿಗೆ

ಹೋದ ಆಯುಧ ಪೂಜೆಗೆ ಹಾಸನದಿಂದ ಚಿಕ್ಕಪ್ಪನ ಮಗ ವಿಡಿಯೋ ಕಾಲ್ ಮಾಡಿದ್ದ. ಮನೆ ಮುಂದೆ ಸಾಲಾಗಿ ಸ್ಕೂಟರು, ಟ್ರ್ಯಾಕ್ಟರು, ಹೊಸ ಕಾರು, ಎಲ್ಲಕ್ಕೂ ಚೆಂಡುಹೂವಿನ ಹಾರ. ಬೂದುಗುಂಬಳ ಒಡೆಯೋದನ್ನೂ ತೋರಿಸಿ ‘ಎಲ್ಲಿ, ನಿನ್ನ ಹೆರಾಲ್ಡ್ ತೋರಿಸು’ ಅಂದ. ನಾನು ಬಿಚ್ಚಿ ರಿಪೇರಿ ಮಾಡುತ್ತಿರುವ ಹಳೇ ಕಾರು ಅದು. ಗ್ಯಾರೇಜಿಗೆ ಹೋಗಿ ತೋರಿಸಿದೆ. ಚಾಸಿ, ಅಂದರೆ ಕಾರಿನ ತಳದ ಉಕ್ಕಿನ ಚೌಕಟ್ಟು, ಒಂದು ಕಡೆ, ಬಾಡಿ ಇನ್ನೊಂದು ಕಡೆ, ಎಂಜಿನ್ ಸ್ಟ್ಯಾಂಡ್ ಮೇಲೆ. ‘ಇನ್ನೂ ರೋಡಿಗೆ ಬಂದಿಲ್ವಾ? ನಮ್ಮ ಮೆಕ್ಯಾನಿಕ್ ಕೈಗೆ ಕೊಟ್ಟಿದ್ರೆ ತಿಂಗಳಲ್ಲಿ ಓಡಿಸಿ ಕೊಡ್ತಿದ್ದ’ ಅಂದ. ಹಿಂದೆ ನಿಂತಿದ್ದವರೆಲ್ಲ ನಕ್ಕರು. ಹಬ್ಬದ ದಿನ ಯಾಕೆ ಅಂತ ನಾನು ಸುಮ್ಮನಾದೆ. ಆದರೆ ಆ ಮಾತು ಚುಚ್ಚಿತು, ಇನ್ನೂ ಚುಚ್ಚುತ್ತಾ ಇದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನಿರೋದು ಇಂಗ್ಲೆಂಡಿನ ಕವೆಂಟ್ರಿಯಲ್ಲಿ. ಕಾರು 1967ರ ಟ್ರಯಂಫ್ ಹೆರಾಲ್ಡ್ 1200. ಇದೇ ಊರಿನ ಕ್ಯಾನ್ಲಿ ಕಾರ್ಖಾನೆಯಲ್ಲಿ ಹುಟ್ಟಿದ್ದು. ಕಾರ್ಖಾನೆ 1980ರಲ್ಲಿ ಮುಚ್ಚಿತು, ಆ ಜಾಗದಲ್ಲಿ ಈಗ ಆಫೀಸುಗಳಿವೆ, ಒಂದು ರಸ್ತೆಗೆ ಮಾತ್ರ ಹೆರಾಲ್ಡ್ ಅವೆನ್ಯೂ ಅಂತ ಹೆಸರು ಉಳಿದಿದೆ. ನಮ್ಮಪ್ಪನ ಹತ್ತಿರ ಇದ್ದದ್ದು ಇದೇ ಕಾರಿನ ಮದರಾಸಿನ ತಮ್ಮ, ಸ್ಟ್ಯಾಂಡರ್ಡ್ ಹೆರಾಲ್ಡ್. 1961ರಿಂದ ಅಲ್ಲಿ ತಯಾರಾಗುತ್ತಿತ್ತು. ಈಗಿನ ಹುಡುಗರಿಗೆ ಅಂಬಾಸಿಡರ್ ಗೊತ್ತು, ಪದ್ಮಿನಿ ಗೊತ್ತು, ಹೆರಾಲ್ಡ್ ಅಂದರೆ ಮುಖ ನೋಡುತ್ತಾರೆ. ಇಟಲಿಯ ಮಿಕೆಲೊಟ್ಟಿ ವಿನ್ಯಾಸ ಮಾಡಿದ, ಬಾನೆಟ್ಟಿನ ಜೊತೆಗೆ ಮುಂದಿನ ಮಡ್‌ಗಾರ್ಡ್‌ಗಳೂ ಸೇರಿ ಇಡೀ ಮೂತಿಯೇ ಮುಂದಕ್ಕೆ ತೆರೆದುಕೊಳ್ಳುವ ಕಾರು ಅದು. ಅಪ್ಪ ಮುಂದಿನ ಟಯರ್ ಮೇಲೆ ಕೂತು ಪ್ಲಗ್ ಒರೆಸುತ್ತಿದ್ದರು. ಇಪ್ಪತ್ತೈದು ಅಡಿಯಲ್ಲಿ ತಿರುಗುತ್ತಿತ್ತು. ನಮ್ಮ ಬೀದಿಯಲ್ಲಿ ಒಂದೇ ಏಟಿಗೆ ಹೊರಳುವ ಕಾರು ಅದೊಂದೇ.

ನನ್ನ ಕೆಲಸ ಶುರುವಾಗಿದ್ದು ಬ್ರೇಕ್ ಪೈಪಿನಿಂದ. ತುಕ್ಕು ಹಿಡಿದಿತ್ತು, ಬದಲಾಯಿಸಿ ಬೇಸಿಗೆಗೆ ಓಡಿಸೋಣ ಅಂತ ಲೆಕ್ಕ. ಪೈಪಿನ ಕ್ಲಿಪ್ ತೆಗೆಯೋಕೆ ಸ್ಕ್ರೂಡ್ರೈವರನ್ನು ಪಕ್ಕದ ಔಟ್‌ರಿಗರ್‌ಗೆ ಆನಿಸಿ ಸ್ವಲ್ಪ ಒತ್ತಿದೆ, ಅದು ಒಳಗೇ ಹೋಯಿತು. ಔಟ್‌ರಿಗರ್ ಅಂದರೆ ಚಾಸಿಯ ನಡುವಿನ ಎರಡು ಬೀಮ್‌ಗಳಿಂದ ಪಕ್ಕಕ್ಕೆ ಚಾಚಿದ ಉಕ್ಕಿನ ತೋಳು. ಬಾಡಿಗೆ ಆಸರೆ ಅದೇ. ಮೇಲೆ ಕಾರ್ಪೆಟ್ ಎತ್ತಿದರೆ ಫ್ಲೋರಿನಲ್ಲೂ ತೂತು. ಔಟ್‌ರಿಗರ್ ಸರಿಯಾಗಿ ವೆಲ್ಡ್ ಮಾಡಬೇಕು ಅಂದರೆ ಬಾಡಿ ಎತ್ತಬೇಕು, ಎತ್ತುವ ಮೊದಲು ಬಾಗಿಲಿನ ಸಂದುಗಳನ್ನು ಅಳೆದು ಬರೆದಿಡಬೇಕು, ಎತ್ತಿದ ಮೇಲೆ ಚಾಸಿ ಬೆತ್ತಲೆ ನಿಂತಿರುತ್ತೆ, ಹಾಗೆ ನಿಂತಿರುವಾಗ ಕೀಲುಗಳಲ್ಲಿ ಕೊಳೆತ ರಬ್ಬರ್ ಬುಷ್‌ಗಳನ್ನು ನೋಡಿಯೂ ನೋಡದ ಹಾಗೆ ಮತ್ತೆ ಮುಚ್ಚೋಕೆ ಮನಸ್ಸು ಬರುತ್ತಾ? ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಸೋರುತ್ತಿತ್ತು, ಅದೂ ಇಳಿಯಿತು. ಅದಕ್ಕೂ ಮೊದಲು ಒಮ್ಮೆ ಕ್ಲಚ್ ಒತ್ತಿಸಿ ನೋಡಿದ್ದೆ, ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕಿನ ಪುಲ್ಲಿ ಕಣ್ಣಿಗೆ ಕಾಣುವಷ್ಟು ಮುಂದಕ್ಕೆ ಸರಿದಿತ್ತು. ಆ ದಂಡ ಹಿಂದೆ ಮುಂದೆ ಸರಿಯದ ಹಾಗೆ ತಡೆಯುವ ಥ್ರಸ್ಟ್ ವಾಷರ್ ಸವೆದಿದೆ ಅಂತ ಅರ್ಥ. ಅದು ಕಳಚಿ ಬಿದ್ದರೆ ಎಂಜಿನ್ ಬ್ಲಾಕೇ ಹಾಳು. ಸರಿ, ಎಂಜಿನ್ನೂ ಬಿಚ್ಚಿದೆ.

ಈ ಕಾರಿನ ಕಟ್ಟಡವೇ ಹಾಗಿದೆ. 1953ರಲ್ಲಿ ಫಿಶರ್ ಅಂಡ್ ಲಡ್ಲೊ ಅನ್ನುವ ಬಾಡಿ ಕಂಪನಿಯನ್ನು ಪ್ರತಿಸ್ಪರ್ಧಿ ಕಾರು ಕಂಪನಿ ಬಿಎಂಸಿ ಕೊಂಡುಕೊಂಡಿತು. ಟ್ರಯಂಫ್‌ನವರಿಗೆ ಇಡೀ ಬಾಡಿ ಮಾಡಿಕೊಡುವವರು ಸಿಗಲಿಲ್ಲ. ಹಾಗಾಗಿ ತುಂಡು ತುಂಡಾಗಿ ಬೇರೆ ಬೇರೆ ಕಡೆ ಮಾಡಿಸಿ ಚಾಸಿ ಮೇಲೆ ಬೋಲ್ಟ್ ಹಾಕಿ ಜೋಡಿಸಿದರು. ಮದರಾಸಿನಲ್ಲಿ ಜೋಡಿಸೋದು ಸುಲಭವಾಗಿದ್ದೂ ಅದಕ್ಕೇ. ಬೋಲ್ಟ್ ಬಿಚ್ಚಿ ನಾಲ್ಕೈದು ಜನ ಕೈ ಹಾಕಿದರೆ ಬಾಡಿ ಮೇಲೆ ಬರುತ್ತೆ. ಇಷ್ಟು ಸಲೀಸಾಗಿ ಬಿಚ್ಚಿಕೊಳ್ಳುವ ಕಾರಿನಲ್ಲಿ ಕೆಲಸ ಬೆಳೆಯದೆ ಇರುತ್ತಾ?

ಈಗ ನಾನು ಹೇಳಬೇಕಾದ ಮುಖ್ಯ ವಿಷಯ. ಇಲ್ಲಿ ನನ್ನನ್ನು ಯಾರೂ ‘ಯಾವಾಗ ಮುಗಿಯುತ್ತೆ’ ಅಂತ ಕೇಳಲ್ಲ. ‘ಈ ವಾರ ಏನು ಸಿಕ್ತು’ ಅಂತ ಕೇಳುತ್ತಾರೆ. ಪಕ್ಕದ ಬೀದಿಯಲ್ಲಿ ಒಬ್ಬರು ಹಿರಿಯರಿದ್ದಾರೆ, ಕ್ಯಾನ್ಲಿಯಲ್ಲೇ ದುಡಿದವರು. ಔಟ್‌ರಿಗರಿನ ತೂತಿಗೆ ಬೆರಳು ಹಾಕಿ ನೋಡಿ ‘ಹಾಗಾದ್ರೆ ಬಾಡಿ ಎತ್ತೋಣ’ ಅಂದರು, ಮಳೆ ಬಂತು ಕೊಡೆ ತಗೋ ಅನ್ನುವಷ್ಟು ಸಹಜವಾಗಿ. ಎಷ್ಟು ದಿನ ಹಿಡಿಯುತ್ತೆ, ಎಷ್ಟು ಖರ್ಚಾಗುತ್ತೆ ಅನ್ನುವ ಮಾತೇ ಬರಲಿಲ್ಲ. ಕೆಲಸ ದೊಡ್ಡದಾದರೆ ಇವರಿಗೆ ಅದು ಸೋಲಲ್ಲ. ಕಾರು ತನ್ನ ನಿಜವಾದ ಸ್ಥಿತಿ ತೋರಿಸಿತು, ಅಷ್ಟೇ. ನಮ್ಮಲ್ಲಿ ಕೆಲಸ ದೊಡ್ಡದಾದರೆ ಮೊದಲು ಬರುವ ಅನುಮಾನ, ಮೆಕ್ಯಾನಿಕ್ ಮೋಸ ಮಾಡ್ತಿದಾನೆ. ಎರಡನೇದು, ಇವನಿಗೆ ಕೆಲಸ ಬರಲ್ಲ. ಹೀಗಾಗಿ ಒಳ್ಳೆ ಮೆಕ್ಯಾನಿಕ್ ಕೂಡ ತೂತು ಕಂಡರೆ ಬಾಯಿ ಮುಚ್ಚಿಕೊಂಡು ಮೇಲೆ ಒಂದು ಶೀಟು ಬಡಿದು, ಪುಟ್ಟಿ ಮೆತ್ತಿ, ಬಣ್ಣ ಹೊಡೆದು ಕೊಟ್ಟುಬಿಡುತ್ತಾನೆ. ಗೆದ್ದಲು ಹಿಡಿದ ಬಾಗಿಲಿಗೆ ಹಬ್ಬಕ್ಕೆ ಪೇಂಟ್ ಹೊಡೆದ ಹಾಗೆ.

ಅಪ್ಪನ ಹೆರಾಲ್ಡಿಗೆ ಆದದ್ದೂ ಇದೇ. ಈ ಕಾರಿನ ಮುಂದಿನ ಚಕ್ರದ ಹಿಂದೆ, ಕೆಳಗಡೆ, ಟ್ರನಿಯನ್ ಅಂತ ಹಿತ್ತಾಳೆ ಬಣ್ಣದ ಒಂದು ತುಂಡಿದೆ. ಚಕ್ರ ಹೊತ್ತ ಉಕ್ಕಿನ ಕಂಬ ಅದರೊಳಗೆ ಸ್ಕ್ರೂವಿನಂಥ ಥ್ರೆಡ್ ಮೇಲೆ ಕೂತಿರುತ್ತೆ, ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಆ ಥ್ರೆಡ್ಡಿನಲ್ಲೇ ಹೊರಳುತ್ತೆ. ಅದಕ್ಕೆ ಹಾಕಬೇಕಾದ್ದು ಗೇರ್ ಆಯಿಲ್, ಗ್ರೀಸಲ್ಲ. ಗ್ರೀಸ್ ಗಟ್ಟಿಯಾಗಿ ಕೂತುಬಿಡುತ್ತೆ, ತಳದವರೆಗೆ ಇಳಿಯಲ್ಲ. ನೀರು ಸೇರುತ್ತೆ, ಒಳಗಿನ ಉಕ್ಕು ತುಕ್ಕು ತಿಂದು ಸಣ್ಣಗಾಗುತ್ತೆ, ಹೊರಗೆ ಏನೂ ಕಾಣಲ್ಲ. ಊರಿನ ಗ್ಯಾರೇಜಿನಲ್ಲಿ ಪ್ರತಿ ಸರ್ವೀಸಿಗೂ ಎಲ್ಲದಕ್ಕೂ ಒಂದೇ ಗನ್ನಿನಿಂದ ಗ್ರೀಸ್ ಹೊಡೆದು ಕಳಿಸುತ್ತಿದ್ದರು. ಒಂದು ಕಡೆ ಸ್ಟೀರಿಂಗ್ ಬಿಗಿಯಾಗಿದೆ ಅಂತ ಅಪ್ಪ ಹೇಳಿದಾಗ ‘ಬಿಚ್ಚಿದ್ರೆ ಕೆಲಸ ಜಾಸ್ತಿ ಆಗುತ್ತೆ ಸಾರ್, ಓಡ್ತಾ ಇದ್ಯಲ್ಲ, ಬಿಡಿ’ ಅಂದರಂತೆ. ಧರ್ಮಸ್ಥಳಕ್ಕೆ ಹೊರಟಿದ್ದೆವು. ಸಕಲೇಶಪುರ ಇನ್ನೂ ಸಿಕ್ಕಿರಲಿಲ್ಲ, ಒಂದು ತಿರುವಿನಲ್ಲಿ ಎಡಗಡೆ ಚಕ್ರ ಒಳಕ್ಕೆ ಮಡಚಿಕೊಂಡು ಕಾರು ಮೂಗು ಊರಿ ಕೂತಿತು. ನಿಧಾನಕ್ಕೆ ಹೋಗುತ್ತಿದ್ದೆವು, ಯಾರಿಗೂ ಏನೂ ಆಗಲಿಲ್ಲ. ಅಮ್ಮ ರಸ್ತೆ ಬದಿ ಬುತ್ತಿ ಬಿಚ್ಚಿ ಮೊಸರನ್ನ ಕೊಟ್ಟಳು. ಅದೇ ಶಿರಾಡಿ ಘಾಟಿಯ ಇಳಿಜಾರಿನಲ್ಲಿ ಆಗಿದ್ದರೆ?

ಇಲ್ಲಿ ನನ್ನ ಕಾರಿನ ಟ್ರನಿಯನ್ ಬಿಚ್ಚಿದ ದಿನ ಆ ಉಕ್ಕಿನ ಕಂಬದ ಬುಡ ನೋಡಿದೆ. ಥ್ರೆಡ್ಡಿನ ಮೇಲೆ ಕೂದಲೆಳೆಯಷ್ಟು ಕಪ್ಪು ಬಿರುಕು, ಸುತ್ತ ತುಕ್ಕಿನ ಕೆಂಪು ಪುಡಿ. ಬ್ರೇಕ್ ಪೈಪಿಗೆ ನಿಲ್ಲಿಸಿದ್ದರೆ ಅದು ನನಗೆ ಕಾಣುತ್ತಲೇ ಇರಲಿಲ್ಲ. 40 ವರ್ಷ ದಾಟಿದ ಹೆಚ್ಚಿನ ಗಾಡಿಗಳಿಗೆ ಇಲ್ಲಿ 2018ರಿಂದ ವಾರ್ಷಿಕ ಎಂಓಟಿ ತಪಾಸಣೆಯ ಕಡ್ಡಾಯವೂ ಇಲ್ಲ. ಸರ್ಕಾರ ನೋಡಲ್ಲ ಅಂದ ಮೇಲೆ ನೋಡಬೇಕಾದ್ದು ನಾನೇ ಅಲ್ವಾ? ಹಿಂದೆ ಕೂರೋರು ನನ್ನ ಮಕ್ಕಳು.

ಹಾಗಾಗಿ ‘ತಿಂಗಳಲ್ಲಿ ಓಡಿಸಿ ಕೊಡ್ತಿದ್ದ’ ಅನ್ನುವ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತೆ. ಓಡಿಸೋದು ದೊಡ್ಡದಲ್ಲ. ಓಡುವ ಕಾರು ನಂಬುವ ಹಾಗಿದೆಯಾ ಅನ್ನೋದು ದೊಡ್ಡದು. ಮನೆ ಸೋರಿದರೂ ಅಷ್ಟೇ, ಸೇತುವೆ ಬಿರುಕು ಬಿಟ್ಟರೂ ಅಷ್ಟೇ, ‘ಸದ್ಯಕ್ಕೆ ನಡೀತಾ ಇದ್ಯಲ್ಲ’ ಅನ್ನೋದು ನಮ್ಮಲ್ಲಿ ಮೈಗೆ ಹತ್ತಿಬಿಟ್ಟಿದೆ. ಹೊರಗೆ ಬಂದ ಮೇಲೆ ಇದು ಜಾಸ್ತಿ ಕಣ್ಣಿಗೆ ಹೊಡೆಯುತ್ತೆ.

ಒಂದು ಮಾತು ಒಪ್ಪಬೇಕು. ಇಷ್ಟೆಲ್ಲ ಬಿಚ್ಚೋಕೆ ನನಗೆ ಧೈರ್ಯ ಬಂದಿದ್ದು ಬೇಕಾದ್ದು ಸಿಗುತ್ತೆ ಅನ್ನುವ ಭರವಸೆಯಿಂದ. ಔಟ್‌ರಿಗರ್, ಫ್ಲೋರ್, ಟ್ರನಿಯನ್, ಎಲ್ಲ ಇವತ್ತಿಗೂ ಹೊಸದಾಗಿ ಬರುತ್ತೆ. 1977ರಲ್ಲಿ ಶುರುವಾದ ಟ್ರಯಂಫ್ ಸ್ಪೋರ್ಟ್ಸ್ ಸಿಕ್ಸ್ ಕ್ಲಬ್ಬಿನಂಥ ಕೂಟಗಳಲ್ಲಿ ಹೆರಾಲ್ಡಿನ ಪ್ರತಿ ನಟ್ಟಿನ ಬಗ್ಗೆಯೂ ಹೇಳುವವರಿದ್ದಾರೆ. ನಮ್ಮೂರಿನ ಮೆಕ್ಯಾನಿಕ್‌ಗೆ ಏನಿತ್ತು? ಕಾರಿನ ತಯಾರಿಕೆ ನಿಂತಿತು, ಪಾರ್ಟ್ಸೂ ನಿಂತವು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಶಿವಾಜಿನಗರದ ಗುಜರಿ, ಅಲ್ಲೂ ಇಲ್ಲದಿದ್ದರೆ ಲೇತಿನಲ್ಲಿ ಕಡೆಸಬೇಕು. ಬಿಚ್ಚಿದ ಮೇಲೆ ಮುಚ್ಚೋಕಾಗದೆ ಹೋದರೆ ಅನ್ನುವ ಹೆದರಿಕೆಯಲ್ಲಿ ಅವನು ‘ಬಿಡಿ ಸಾರ್’ ಅಂದಿರಬಹುದು. ಮಡಚಿದ ಚಕ್ರವನ್ನು ಅವನೇ ಮತ್ತೆ ನಿಲ್ಲಿಸಿ ಕೊಟ್ಟ, ಅದಾದ ಮೇಲೂ ಕಾರು ಎಷ್ಟೋ ವರ್ಷ ಓಡಿತು, ಧರ್ಮಸ್ಥಳಕ್ಕೂ ಹೋಗಿಬಂತು. ಸುತ್ತಿಗೆ ಹಿಡಿದು ಜಜ್ಜಿಹೋದ ಮಡ್‌ಗಾರ್ಡನ್ನು ಕಣ್ಣಳತೆಯಲ್ಲೇ ನೆಟ್ಟಗೆ ಮಾಡುವ ಟಿಂಕರಿಂಗ್ ಕೈ ನಾನು ಇಲ್ಲಿ ಹೆಚ್ಚು ನೋಡಿಲ್ಲ. ಇಲ್ಲಿ ಹೊಸ ಪ್ಯಾನಲ್ ಆರ್ಡರ್ ಮಾಡುತ್ತಾರೆ. ಬೆಳೆದು ಬೆಳೆದು ಕೈಮೀರಿದ ಕಾರುಗಳೂ ಇಲ್ಲಿ ಬೇಕಾದಷ್ಟಿವೆ. ಯಜಮಾನ ತೀರಿಕೊಂಡ ಮೇಲೆ ಡಬ್ಬಗಳಲ್ಲಿ ತುಂಬಿ, ಯಾವ ಡಬ್ಬದಲ್ಲಿ ಏನಿದೆ ಅಂತ ಗೊತ್ತಿಲ್ಲದೆ ಮಾರುತ್ತಾರೆ. ಆ ಜಾಹೀರಾತು ನೋಡಿದಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಕಸಿವಿಸಿ ಆಗುತ್ತೆ.

ಆದರೂ ನನ್ನ ಮನಸ್ಸು ಬದಲಾಗಿಲ್ಲ. ಈಗ ಊರಿನಲ್ಲಿ ಪರಿಸ್ಥಿತಿ ಬೇರೆ. 2021ರ ನಿಯಮದಂತೆ 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಕಾರಿಗೆ ‘ವಿಎ’ ಅಕ್ಷರದ ವಿಂಟೇಜ್ ನಂಬರ್ ಸಿಗುತ್ತೆ. ಪಾರ್ಟ್ಸ್ ಹಡಗಿನಲ್ಲೋ ಕೊರಿಯರ್‌ನಲ್ಲೋ ಬರುತ್ತವೆ. ಚಿಕ್ಕಮಗಳೂರಿನ ನನ್ನ ಗೆಳೆಯನ ತೋಟದ ಶೆಡ್ಡಿನಲ್ಲಿ ನಾಲ್ಕು ಬಾಗಿಲಿನ ಮಾರ್ಕ್ 3 ಹೆರಾಲ್ಡ್ ನಿಂತಿದೆ. ನಾಲ್ಕು ಬಾಗಿಲಿನದು ಮದರಾಸಿನವರು ಮಾತ್ರ ಮಾಡಿದ್ದು, ಕವೆಂಟ್ರಿಯಲ್ಲಿ ಅಂಥದ್ದು ಹುಟ್ಟಲೇ ಇಲ್ಲ. ಇಲ್ಲಿನ ಹಿರಿಯರಿಗೆ ಅದರ ಫೋಟೋ ತೋರಿಸಿದರೆ ಕನ್ನಡಕ ಹಾಕಿಕೊಂಡು ಮತ್ತೆ ಮತ್ತೆ ನೋಡಿದರು. ಗೆಳೆಯ ಈಗ ‘ಎಂಜಿನ್ ಸ್ಟಾರ್ಟ್ ಮಾಡಿಸಿ ಪೇಂಟ್ ಹೊಡೆಸಿಬಿಡ್ತೀನಿ, ದಸರಾಕ್ಕೆ ರೆಡಿ’ ಅನ್ನುತ್ತಿದ್ದಾನೆ. ಬೇಡ ಮಾರಾಯ. ಮೊದಲು ಕಾರ್ಪೆಟ್ ಎತ್ತು, ಔಟ್‌ರಿಗರಿಗೆ ಸ್ಕ್ರೂಡ್ರೈವರ್ ಒತ್ತಿ ನೋಡು, ಪೇಂಟ್ ಎಲ್ಲಕ್ಕಿಂತ ಕೊನೆಗೆ. ಟ್ರನಿಯನ್ ಎರಡೂ ಕಡೆಯದು ನಾನು ಇಲ್ಲಿಂದ ಕಳಿಸುತ್ತೇನೆ, ಗೇರ್ ಆಯಿಲ್ ಅಲ್ಲೇ ತಗೋ.