ಜೀರ್ಣೋದ್ಧಾರ ಸಮಿತಿಯ ಕೃಪೆ

ನಮ್ಮ ಕಡೆ ಹಳೇ ಕಲ್ಲಿನ ಗುಡಿಗೆ ಜೀರ್ಣೋದ್ಧಾರ ಸಮಿತಿ ಆಯಿತು ಅಂದರೆ ಕಂಬಗಳು ನಡುಗಲು ಶುರುಮಾಡುತ್ತವೆ. ಶಿಲ್ಪಕ್ಕೆ ಆಯಿಲ್ ಪೇಂಟು, ನೆಲಕ್ಕೆ ಬಾತ್‌ರೂಮ್ ಟೈಲ್ಸು, ಗೋಡೆ ತುಂಬಾ ದಾನಿಗಳ ಹೆಸರು. ಈ ಕಲೆ ಒಲಿದಿರುವುದು ನಮಗೆ ಮಾತ್ರ ಅಂತ ಬಹಳ ಕಾಲ ಹೆಮ್ಮೆ ಇತ್ತು. 2020ರ ಜನವರಿ 28ರಂದು ಕ್ಯಾಲಿಫೋರ್ನಿಯಾದ ಬ್ಲಿಜಾರ್ಡ್ ಎಂಬ ವಿಡಿಯೋ ಗೇಮ್ ಕಂಪನಿ ಆ ಹೆಮ್ಮೆಯನ್ನು ಮುರಿಯಿತು.

ಉದ್ಧಾರ ಮಾಡಿಸಿಕೊಂಡದ್ದು ವಾರ್‌ಕ್ರಾಫ್ಟ್ 3 ಎಂಬ ಸ್ಟ್ರಾಟೆಜಿ ಗೇಮು. 2002ರಲ್ಲಿ ಬಂದಿದ್ದು. ಚಿನ್ನ ಅಗೆಯಬೇಕು, ಮರ ಕಡಿಯಬೇಕು, ಆ ದುಡ್ಡಲ್ಲಿ ಸೈನ್ಯ ಕಟ್ಟಿ ಪಕ್ಕದವನ ಮೇಲೆ ಬೀಳಬೇಕು. ಗಣಿ ಮತ್ತು ಅರಣ್ಯ ಖಾತೆ ಎರಡೂ ಒಬ್ಬರ ಕೈಯಲ್ಲೇ ಇದ್ದರೆ ಏನಾಗುತ್ತದೆ ಎಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಬೆಂಗಳೂರಿನ ಸೈಬರ್ ಕೆಫೆಗಳಲ್ಲಿ ಗಂಟೆಗಿಷ್ಟು ಅಂತ ಕೊಟ್ಟು ಡೋಟಾ ಆಡಿದವರು ಅಸಲಿಗೆ ಆಡಿದ್ದು ಇದೇ ಗೇಮಿನ ಒಳಗೆ.

2018ರ ನವೆಂಬರ್‌ನಲ್ಲಿ ಕಂಪನಿ ತನ್ನ ವಾರ್ಷಿಕ ಜಾತ್ರೆ ಬ್ಲಿಜ್‌ಕಾನ್‌ನಲ್ಲಿ ಈ ಹಳೇ ಆಟದ ಹೊಸ ರೂಪ 'ರೀಫೋರ್ಜ್ಡ್' ಘೋಷಿಸಿತು. ಅದೇ ಜಾತ್ರೆಯಲ್ಲಿ, ಕಂಪ್ಯೂಟರಿನಲ್ಲಿ ಕಂಪನಿಯದೇ ಇನ್ನೊಂದು ಆಟ ಡಯಾಬ್ಲೊ ಆಡುತ್ತಾ ಬೆಳೆದವರ ಮುಂದೆ ಮೊಬೈಲ್ ಡಯಾಬ್ಲೊ ಇಟ್ಟು, ಜನ ಮುಖ ಕಿವುಚಿದಾಗ ನಿಮ್ಮ ಹತ್ತಿರ ಫೋನ್ ಇಲ್ವಾ ಎಂದು ವೇದಿಕೆಯ ಮೇಲಿಂದಲೇ ಕೇಳಿದ್ದರು. ಅಂಥ ಬಿಸಿಲಲ್ಲಿ ರೀಫೋರ್ಜ್ಡ್ ತಣ್ಣಗೆ ಕಂಡಿತು. ಹೊಸ ಗ್ರಾಫಿಕ್ಸ್, ಕಥೆಯ ನಡುವಿನ ದೃಶ್ಯಗಳಿಗೆ ಹೊಸ ಕ್ಯಾಮೆರಾ, ಅಂಥವು ನಾಲ್ಕು ಗಂಟೆಗೂ ಹೆಚ್ಚು. ಸುಮಾರು 30 ಡಾಲರ್. ಆಟಗಾರರು ಮುಂಗಡ ಕಟ್ಟಿದರು.

ಬಂದದ್ದು ನೋಡಿ. ವೇದಿಕೆಯಲ್ಲಿ ತೋರಿಸಿದ ದೃಶ್ಯಗಳು ಎಲ್ಲಿ ಅಂದರೆ, ಮೂಲ ಆಟದಿಂದ ಜಾಸ್ತಿ ದೂರ ಹೋಗುವುದು ನಮಗೆ ಇಷ್ಟವಿರಲಿಲ್ಲ ಎಂದು ಕಂಪನಿ ವಿವರಿಸಿತು. ಮೂಲದ ಮೇಲೆ ಅಷ್ಟು ಭಕ್ತಿ. ಆ ಭಕ್ತಿಯಲ್ಲೇ ಮೂಲದಲ್ಲಿದ್ದ, ಗೆದ್ದಂತೆ ಮೇಲೇರುವ ಶ್ರೇಯಾಂಕದ ಲ್ಯಾಡರ್ ತೆಗೆದರು. ಕ್ಲಾನ್ ಎಂಬ ಆಟಗಾರರ ಗುಂಪುಗಳನ್ನು ತೆಗೆದರು. ಆಟಗಾರರು ತಾವೇ ಕಟ್ಟಿದ ಕಥಾಸರಣಿ, ಅಂದರೆ ಕಸ್ಟಮ್ ಕ್ಯಾಂಪೇನ್ ಆಡುವ ದಾರಿಯನ್ನೂ ತೆಗೆದರು. 18 ವರ್ಷ ಹಳೆಯ ಆಟದಲ್ಲಿ ಇದ್ದದ್ದು ಹೊಸದರಲ್ಲಿ ಇರಲಿಲ್ಲ.

ಇಷ್ಟೇ ಆಗಿದ್ದರೆ ಸುಮ್ನೆ ಇನ್ನೊಂದು ಕೆಟ್ಟ ರೀಮೇಕ್ ಅಂದುಕೊಂಡು ಬಿಡಬಹುದಿತ್ತು. ನಮಗೆ ಅದರ ಅಭ್ಯಾಸ ಇದೆ. ಸಮಿತಿಯ ನಿಜವಾದ ಪ್ರತಿಭೆ ಕಾಣುವುದು ಇಲ್ಲಿಂದ ಮುಂದೆ. ಹೊಸ ಆಟ ನನಗೆ ಬೇಡಪ್ಪಾ, ನನ್ನ ಹಳೇದೇ ಸಾಕು ಅಂದವರಿಗೂ ಉದ್ಧಾರ ತಪ್ಪಲಿಲ್ಲ. ಕಂಪನಿಯ ಸರ್ವರಿನಲ್ಲಿ ಆಡುವ ಹಳೇ ಗಿರಾಕಿಗಳ ಆಟವೂ ಅಪ್‌ಡೇಟ್ ಆಗಿ ರೀಫೋರ್ಜ್ಡ್ ಒಳಕ್ಕೆ ಸೇರಿಕೊಂಡಿತು. ಚಿತ್ರ ಹಳೇದು, ಮೆನು ಹೊಸದು, ಬಗ್‌ಗಳು ಹೊಚ್ಚ ಹೊಸವು. ಒಂದೊಂದು ಸಿಡಿಯಲ್ಲಿ ಕೂರುತ್ತಿದ್ದ ಆಟಕ್ಕೆ ಹತ್ತಾರು ಜಿಬಿ ಡೌನ್‌ಲೋಡು. ದುಡ್ಡು ಕೊಟ್ಟು ಹೊಸದನ್ನು ಕೊಂಡವರಿಗೆ ಬೇಜಾರಾಗಿದ್ದರೆ ಅದು ವ್ಯಾಪಾರ. ಕೊಳ್ಳದೇ ಇದ್ದವರಿಗೂ ಅಷ್ಟೇ ಬೇಜಾರು ಹಂಚುವುದಿದೆಯಲ್ಲ, ಅದು ಸಮಾಜವಾದ.

ಈ ಸಮಾಜವಾದದಿಂದ ಹೊರಗೆ ಉಳಿದವರು ಯಾರು ಗೊತ್ತಾ? ಮೆಜೆಸ್ಟಿಕ್ಕಿನ ನ್ಯಾಷನಲ್ ಮಾರ್ಕೆಟ್ಟಿನಂಥ ಕಡೆ ನಕಲಿ ಸಿಡಿ ಕೊಂಡವರು. ಅದನ್ನು ಜೋಪಾನ ಮಾಡಿದ್ದರೆ ಅವರ ವಾರ್‌ಕ್ರಾಫ್ಟ್ ಈಗಲೂ ಹೇಗಿತ್ತೋ ಹಾಗೇ ಇದೆ. ಕ್ಯಾಂಪೇನ್ ಇದೆ, ಪಕ್ಕದ ಕಂಪ್ಯೂಟರಿನವನ ಜೊತೆ ಲ್ಯಾನ್‌ನಲ್ಲಿ ಕಾದಾಟವೂ ಇದೆ. ಅಸಲಿ ಕೀ ಕೊಂಡು, ಅಕೌಂಟಿಗೆ ಸೇರಿಸಿ, ನಿಯತ್ತಾಗಿ ಲಾಗಿನ್ ಆದವರ ಮನೆಗೆ ಮಾತ್ರ ಪೇಂಟ್ ಡಬ್ಬಿ ಬಂತು. ಕಳ್ಳನಿಗೆ ಸಿಕ್ಕ ಭಾಗ್ಯ ನಮಗೂ ಸಿಗಲಿ ಎಂದು ಗಿರಾಕಿಗಳೇ ಬೇಡಿಕೊಳ್ಳುವಂತೆ ಮಾಡುವುದು ಸಣ್ಣ ಸಾಧನೆಯಲ್ಲ.

ಆಟಗಾರರ ಕೈಯಲ್ಲಿ ಉಳಿದದ್ದು ಅಂಕ. ವಿಮರ್ಶೆಗಳ ಅಂಕ ಕೂಡಿಸುವ ಮೆಟಾಕ್ರಿಟಿಕ್ ಎಂಬ ವೆಬ್‌ಸೈಟಿನಲ್ಲಿ ಬಳಕೆದಾರರ ಅಂಕ 10ಕ್ಕೆ 1ಕ್ಕಿಂತ ಕೆಳಗೆ ಇಳಿಯಿತು. ಪರೀಕ್ಷೆಗೆ ಬರದವನಿಗೂ ಸೊನ್ನೆ ಗ್ಯಾರಂಟಿ ಇರುತ್ತದೆ, ಅದರ ಮೇಲೆ ಇವರು ಗಳಿಸಿದ್ದು ಒಂದು ಚೂರು. ಆಗ ಕ್ಷಮಾಪಣೆ ಬಂತು. ಬಯಸಿದ ಅನುಭವ ಯಾರಿಗೆ ಸಿಗಲಿಲ್ಲವೋ ಅವರಲ್ಲಿ ಕ್ಷಮೆ ಕೋರುತ್ತೇವೆ ಎಂಬ ಧಾಟಿ. ಇದನ್ನು ಬರೆದವರಿಗೆ ನಮ್ಮ ಯಾವುದಾದರೂ ಸಚಿವರ ಕಚೇರಿಯಲ್ಲಿ ಕೆಲಸ ಖಾಯಂ. ತಪ್ಪಿಲ್ಲ, ತಪ್ಪು ಮಾಡಿದವರಿಲ್ಲ, ಎಲ್ಲೋ ಒಂದು ಅನುಭವ ಕಳೆದುಹೋಗಿದೆ ಅಷ್ಟೇ. ಎಷ್ಟು ಹೊತ್ತು ಆಡಿದ್ದರೂ ಕೇಳಿದವರಿಗೆ ದುಡ್ಡು ವಾಪಸ್ ಕೊಟ್ಟರು ಎನ್ನುವುದನ್ನು ಒಪ್ಪಬೇಕು. ಹಳೇ ಆಟ ವಾಪಸ್ ಕೇಳುವುದಕ್ಕೆ ಬಟನ್ ಇರಲಿಲ್ಲ.

ಇನ್ನು ಆಟಗಾರರೇ ಕಟ್ಟುವ ಮ್ಯಾಪ್‌ಗಳ ಕಥೆ. ವಾರ್‌ಕ್ರಾಫ್ಟ್ 3 ಜೊತೆಗೆ ಒಂದು ಎಡಿಟರ್ ಬರುತ್ತಿತ್ತು. ಅದರಲ್ಲಿ ಹುಡುಗರು ತಮಗೆ ತೋಚಿದ ಆಟ ಕಟ್ಟುತ್ತಿದ್ದರು. 2003ರ ಹೊತ್ತಿಗೆ ಹುಟ್ಟಿದ ಡೋಟಾ ಅಂಥದ್ದೇ ಒಂದು. ಅದರ ವ್ಯಾಪಾರ ಕಂಪನಿಯ ಕಣ್ಣಿಗೆ ಬೀಳುವಷ್ಟರಲ್ಲಿ ವಾಲ್ವ್ ಎಂಬ ಇನ್ನೊಂದು ಕಂಪನಿ ಅದನ್ನು ನಡೆಸುತ್ತಿದ್ದವನನ್ನೇ ಕೆಲಸಕ್ಕೆ ಕರೆದುಕೊಂಡಿತ್ತು. ಡೋಟಾ ಎಂಬ ಹೆಸರಿಗಾಗಿ ಎರಡೂ ಕಂಪನಿಗಳಿಗೆ ಜಗಳವಾಗಿ 2012ರಲ್ಲಿ ರಾಜಿಯಾಯಿತು. 2013ರಲ್ಲಿ ಡೋಟಾ 2 ಬಂತು. 2021ರ ಅದರ ದೊಡ್ಡ ಪಂದ್ಯಾವಳಿಯ ಬಹುಮಾನ 4 ಕೋಟಿ ಡಾಲರ್ ದಾಟಿತ್ತು. ಒಂದು ಪೈಸೆ ಬ್ಲಿಜಾರ್ಡ್‌ಗಿಲ್ಲ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ರೀಫೋರ್ಜ್ಡ್ ಜೊತೆ ಬಂದ ಹೊಸ ನಿಯಮ ಹೀಗಿತ್ತು: ಇಲ್ಲಿ ನೀವು ಏನೇ ಕಟ್ಟಿದರೂ ಅದು ಪೂರ್ತಿ ನಮ್ಮ ಸ್ವತ್ತು, ಇದು ನಾನು ಮಾಡಿದ್ದು ಎನ್ನುವ ನೈತಿಕ ಹಕ್ಕನ್ನೂ ಬಿಟ್ಟುಕೊಡಿ. ಅಂದರೆ ಮುಂದಿನ ಡೋಟಾ ಇಲ್ಲಿ ಹುಟ್ಟಿದರೆ ಅದು ನಮ್ಮದೇ. ಕೋಟಿ ಬೆಲೆಯ ಐಡಿಯಾ ಇರುವ ಹುಡುಗ ಆ ಸಾಲು ಓದಿ ಎಡಿಟರ್ ತೆರೆಯುತ್ತಾನಾ ಎಂಬ ಪ್ರಶ್ನೆ ವಕೀಲರಿಗೆ ಬಂದಂತೆ ಕಾಣೆ.

ಒಳಗೆ ಆದದ್ದೇನು ಎಂಬುದನ್ನು 2021ರ ಜುಲೈನಲ್ಲಿ ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆ ಬರೆಯಿತು. ಬಜೆಟ್ ಕತ್ತರಿಸಿದ್ದರು, ಮಾಡುವವರು ಸಾಲುತ್ತಿರಲಿಲ್ಲ, ಆಟ ರೆಡಿ ಇಲ್ಲ ಎಂದು ಗೊತ್ತಿದ್ದೂ ಮುಂಗಡ ತೆಗೆದುಕೊಂಡಿದ್ದರು. ಪಾಪ, ಬೈಗುಳ ತಿಂದ ಡೆವಲಪರ್‌ಗಳಲ್ಲಿ ಎಷ್ಟೋ ಜನ ಆಟಗಾರರಷ್ಟೇ ಆ ಆಟವನ್ನು ಪ್ರೀತಿಸಿದವರು. ಸಮಿತಿಯ ಅಧ್ಯಕ್ಷರು ಏಣಿ ಹತ್ತಿ ಪೇಂಟ್ ಹೊಡೆಯುವುದಿಲ್ಲವಲ್ಲ.

ಅತ್ತ ಲ್ಯಾಡರ್ ಇಲ್ಲದ ಆಟಗಾರರು ಕೈಕಟ್ಟಿ ಕೂರಲಿಲ್ಲ. ಡಬ್ಲ್ಯು3ಚಾಂಪಿಯನ್ಸ್ ಎಂದು ತಮ್ಮದೇ ವ್ಯವಸ್ಥೆ ಕಟ್ಟಿಕೊಂಡು, ಶ್ರೇಯಾಂಕ ಹಾಕಿಕೊಂಡು, ಆಡಿಕೊಂಡು ಹೋದರು. ಕಂಪನಿಯ ಅಧಿಕೃತ ಲ್ಯಾಡರ್ ವಾಪಸ್ ಬಂದದ್ದು 2022ರಲ್ಲಿ. ಇದ್ದದ್ದನ್ನು ಕಿತ್ತು, ಎರಡು ವರ್ಷದ ಮೇಲೆ ಅದನ್ನೇ ಹೊಸ ಸೌಲಭ್ಯ ಎಂದು ಕೊಡುವ ಈ ವಿದ್ಯೆಯನ್ನು ನಮ್ಮ ರಸ್ತೆ ಅಗೆಯುವ ಇಲಾಖೆಗಳು ಕಲಿಸಿದವೋ, ಕಲಿತವೋ, ಸಂಶೋಧನೆ ಆಗಬೇಕು.

2024ರ ನವೆಂಬರ್‌ನಲ್ಲಿ ಸಮಿತಿ ಮತ್ತೆ ಸೇರಿತು. ಈ ಸಲ ವಾರ್‌ಕ್ರಾಫ್ಟ್ 1 ಮತ್ತು 2ರ ಸರದಿ. ಚಿತ್ರ ತಿದ್ದಿದ ಹೊಸ ಆವೃತ್ತಿ, ಅಂದರೆ ರೀಮಾಸ್ಟರ್, ಬಂದ ಸುಮಾರು ಎರಡು ವಾರದಲ್ಲಿ, ಜಿಓಜಿ ಎಂಬ ಆನ್‌ಲೈನ್ ಅಂಗಡಿಯಲ್ಲಿ ಇದ್ದ 90ರ ದಶಕದ ಅಸಲಿ ಆವೃತ್ತಿಗಳನ್ನು ಡಿಸೆಂಬರ್ 13ರಿಂದ ಮಾರುವ ಹಾಗಿಲ್ಲ ಎಂಬ ಸುದ್ದಿ ಬಂತು. ಅಂಗಡಿಯವರು ರಿಯಾಯಿತಿ ಕೂಪನ್ ಕೊಟ್ಟು, ಬೇಕಾದವರು ಅಷ್ಟರೊಳಗೆ ಕೊಂಡುಬಿಡಿ, ಕೊಂಡವರಿಗೆ ನಾವು ಕೆಡದಂತೆ ನೋಡಿಕೊಳ್ಳುತ್ತೇವೆ ಅಂದರು. 1994ರ ಆಟ, ಮಸುಕು ಚಿತ್ರ, ನಕಲು ತಡೆಯುವ ಬೀಗ ಇಲ್ಲ, ಬ್ಲಿಜಾರ್ಡ್‌ನಿಂದ ಅಪ್‌ಡೇಟ್ ಬರುವ ಭಯವೂ ಇಲ್ಲ. ಇದಕ್ಕಿಂತ ಒಳ್ಳೆ ಜಾಹೀರಾತು ಅದಕ್ಕೆ 30 ವರ್ಷದಲ್ಲಿ ಸಿಕ್ಕಿರಲಿಕ್ಕಿಲ್ಲ.