ಆಟೋ ಸ್ಕೇಲಿಂಗ್‌ನಲ್ಲಿ ಒಂದೇ ಡಿಸ್ಕ್ ಎಂಬುದು ತಪ್ಪು

ಅಮೆಜಾನ್‌ನ ಕ್ಲೌಡ್ ಸೇವೆಯಾದ ಎಡಬ್ಲ್ಯುಎಸ್‌ನ ಆಟೋ ಸ್ಕೇಲಿಂಗ್ ಗ್ರೂಪ್‌ನಲ್ಲಿ (ಬೇಡಿಕೆಗೆ ತಕ್ಕಂತೆ ಯಂತ್ರಗಳ ಸಂಖ್ಯೆ ಏರಿಳಿಯುವ ಗುಂಪು) ರೂಟ್ ವಾಲ್ಯೂಮ್ (ಆಪರೇಟಿಂಗ್ ಸಿಸ್ಟಂ ಇರುವ ಡಿಸ್ಕ್) ಬಿಟ್ಟು ಬೇರೆ ಡಿಸ್ಕ್ ಸೇರಿಸಲಾಗದು ಎಂಬ ಮಾತು ಹರಿದಾಡುತ್ತಿದೆ. ಅದು ಸರಿಯಲ್ಲ. ಹೊಸ ಯಂತ್ರ ಹೇಗಿರಬೇಕೆಂದು ಹೇಳುವ ಲಾಂಚ್ ಟೆಂಪ್ಲೇಟ್‌ನ ಬ್ಲಾಕ್ ಡಿವೈಸ್ ಮ್ಯಾಪಿಂಗ್‌ನಲ್ಲಿ (ಡಿಸ್ಕ್‌ಗಳ ಪಟ್ಟಿ) ಹಲವು ಇಬಿಎಸ್ ವಾಲ್ಯೂಮ್‌ಗಳನ್ನು (ಎಡಬ್ಲ್ಯುಎಸ್‌ನ ವರ್ಚುವಲ್ ಡಿಸ್ಕ್‌ಗಳು) ಬರೆಯಬಹುದು. ಪ್ರತಿಯೊಂದಕ್ಕೂ ಬೇರೆ ಡಿವೈಸ್ ಹೆಸರು ಕೊಡಬೇಕು, ಖಾಲಿ ವಾಲ್ಯೂಮಾದರೆ ಗಾತ್ರವನ್ನೂ ಕೊಡಬೇಕು. ಆದರೆ ಈಗಾಗಲೇ ಇರುವ ವಾಲ್ಯೂಮನ್ನು ಐಡಿ ಕೊಟ್ಟು ಅಲ್ಲಿ ಜೋಡಿಸಲಾಗದು. ಸಿಗುವುದು ಖಾಲಿ ವಾಲ್ಯೂಮ್ ಅಥವಾ ಸ್ನ್ಯಾಪ್‌ಶಾಟ್‌ನಿಂದ (ಡಿಸ್ಕ್‌ನ ಉಳಿಸಿಟ್ಟ ಪ್ರತಿ) ಮಾಡಿದ್ದು ಮಾತ್ರ. ಗೊಂದಲ ಬಹುಶಃ ಇಲ್ಲಿಂದಲೇ ಹುಟ್ಟಿದೆ.

ಟೆಂಪ್ಲೇಟ್‌ನ ಹೊಸ ಆವೃತ್ತಿ ಮಾಡಿ, ಗ್ರೂಪ್‌ಗೆ ಅದನ್ನೇ ಕೊಡಿ. ಓಡುತ್ತಿರುವ ಯಂತ್ರಗಳು ತಾವಾಗಿ ಬದಲಾಗವು. ಹಳೆಯ ಯಂತ್ರಗಳ ಜಾಗಕ್ಕೆ ಹೊಸವನ್ನು ತರುವ ಇನ್‌ಸ್ಟನ್ಸ್ ರಿಫ್ರೆಶ್ ಬೇಕು. ಖಾಲಿ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ಮೌಂಟ್ ಮಾಡುವ (ಬಳಕೆಗೆ ಜೋಡಿಸುವ) ಆದೇಶಗಳು ಯೂಸರ್ ಡೇಟಾದಲ್ಲಿರಲಿ (ಯಂತ್ರ ಮೊದಲು ಶುರುವಾದಾಗ ಓಡುವ ಸ್ಕ್ರಿಪ್ಟ್). ನೈಟ್ರೊ ಯಂತ್ರಗಳಲ್ಲಿ (ಎಡಬ್ಲ್ಯುಎಸ್‌ನ ಹೊಸ ಪೀಳಿಗೆಯವು) ನೀವು ಕೊಟ್ಟ ಹೆಸರಿನ ಬದಲು ಎನ್‌ವಿಎಂಇ ಎಂಬ ಡಿಸ್ಕ್ ಸಂಪರ್ಕದ ಹೆಸರು ಕಾಣುತ್ತದೆ, ಕ್ರಮವೂ ಖಚಿತವಲ್ಲ. ಹಾಗಾಗಿ ಹೆಸರು ನಂಬಿ ಫಾರ್ಮ್ಯಾಟ್ ಮಾಡಲೇಬೇಡಿ, ತಪ್ಪು ಡಿಸ್ಕ್ ಅಳಿದೀತು. ಯಂತ್ರದ ಜೊತೆಗೇ ವಾಲ್ಯೂಮನ್ನೂ ಅಳಿಸುವ ‘ಡಿಲೀಟ್ ಆನ್ ಟರ್ಮಿನೇಶನ್’ ಅನ್ನು ನೀವೇ ನಮೂದಿಸಿ. ಇಲ್ಲವಾದರೆ ಯಂತ್ರ ಹೋದ ಮೇಲೂ ವಾಲ್ಯೂಮ್ ಉಳಿದು ಬಿಲ್ ಬರುತ್ತಲೇ ಇರಬಹುದು.