18 ಗಜ ಆಚೆ ನಿಂತ ಹುಂಜ

"ಅಷ್ಟು ದೂರ ಹೋಗಿ ಏನೂ ಹೊಡೀದೆ ಬಂದ್ಯಾ, ಅಣ್ಣಾ?" ಊರಿಂದ ತಮ್ಮ ಫೋನ್ ಮಾಡಿದಾಗ ಕೇಳಿದ ಮೊದಲ ಪ್ರಶ್ನೆ ಇದು. ಹೌದು, ಹೊಡೆಯಲಿಲ್ಲ. ಕಾಡು ಟರ್ಕಿ ಕೋಳಿಯ ಹುಂಜ ಕಣ್ಣೆದುರೇ ನಿಂತಿತ್ತು. ಕೋವಿ ಮೊಣಕಾಲ ಮೇಲೆ ಸಿದ್ಧವಾಗಿತ್ತು. ಯಾಕೆ ಹೊಡೆಯಲಿಲ್ಲ ಅಂತ ಹೇಳೋಕೇ ಇದನ್ನು ಬರೆಯುತ್ತಿದ್ದೇನೆ.

ನಾನಿರುವುದು ಅಮೆರಿಕದ ಮಿಸೌರಿಯಲ್ಲಿ. ಇಲ್ಲಿ ಏಪ್ರಿಲ್ ಮೂರನೇ ಸೋಮವಾರ ಟರ್ಕಿ ಬೇಟೆ ಶುರುವಾಗುತ್ತದೆ, ಮೂರು ವಾರ ಇರುತ್ತದೆ. ಹುಂಜವನ್ನು, ಇಲ್ಲವೇ ಎದೆಯಲ್ಲಿ ಗಡ್ಡದಂಥ ಗರಿಗೊಂಚಲಿರುವ ಹಕ್ಕಿಯನ್ನು ಮಾತ್ರ ಹೊಡೆಯಬಹುದು. 1967ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಬೇಟೆಗಾರರ ತರಬೇತಿ ಪಾಸಾಗಿರಬೇಕು. ನಾನು ಪಾಸಾದೆ. ಆಮೇಲೆ ಪಕ್ಕದ ಮನೆಯ ಅಜ್ಜ ನನ್ನನ್ನು ಮಾರ್ಕ್ ಟ್ವೇನ್ ರಾಷ್ಟ್ರೀಯ ಅರಣ್ಯಕ್ಕೆ ಕರೆದುಕೊಂಡು ಹೋದರು.

ಹೊರಡುವ ಮುಂಚೆ ಅವರು ಮೊದಲು ನೋಡಿದ್ದು ನನ್ನ ಬಟ್ಟೆ. ಕೆಂಪು, ಬಿಳಿ, ನೀಲಿ ಯಾವುದೂ ಇರಬಾರದು, ಒಳಗಿನ ಬನಿಯನ್ ಕೂಡ. ಹುಂಜದ ತಲೆಯ ಬಣ್ಣವೂ ಅದೇ ಮೂರು. ಪೊದೆಯ ಹಿಂದೆ ಆ ಬಣ್ಣ ಮಿಂಚಿದರೆ ಇನ್ನೊಬ್ಬ ಬೇಟೆಗಾರ ಹಕ್ಕಿ ಅಂದುಕೊಳ್ಳಬಹುದು. ಕೂರುವಾಗಲೂ ಹೆಗಲಿಗಿಂತ ಅಗಲವಾದ ಮರಕ್ಕೇ ಬೆನ್ನು ಕೊಡಬೇಕು. (ಉಣುಗು ಹತ್ತದಂತೆ ಬಟ್ಟೆಗೆ ಔಷಧಿ ಹೊಡೆದುಕೊಳ್ಳಿ. ಮಂಗನ ಕಾಯಿಲೆ ಕಂಡ ಮಲೆನಾಡಿನವರಿಗೆ ನಾನು ಹೇಳಬೇಕಿಲ್ಲ. ಇಲ್ಲಿನ ಒಂದು ಜಾತಿಯ ಉಣುಗು ಕಚ್ಚಿದರೆ ಕೆಲವರಿಗೆ ದನ, ಹಂದಿ ಮಾಂಸವೇ ಅಲರ್ಜಿಯಾಗಿಬಿಡುತ್ತದೆ.)

ಇನ್ನೂ ಕತ್ತಲಿತ್ತು. ಅಜ್ಜ ಬಾಯಿಗೆ ಕೈ ಅಡ್ಡ ಹಿಡಿದು ಗೂಬೆಯ ಹಾಗೆ ಕೂಗಿದರು. ಮರುಕ್ಷಣವೇ ಇಳಿಜಾರಿನ ಓಕ್ ಮರದ ಮೇಲಿಂದ ಗುಳುಗುಳು ಅಂತ ಉತ್ತರ ಬಂತು. ಆ ಕೂಗು ನನ್ನ ಎದೆಗೇ ಬಡಿದಂತಾಯಿತು. ಗೂಬೆಯ ದನಿ ಕೇಳಿದರೆ ಹುಂಜ ತಡೆಯಲಾರದೆ ಕೂಗಿ, ತಾನಿರುವ ಜಾಗ ತಾನೇ ಹೇಳಿಬಿಡುತ್ತದೆ.

ಬೆಳಕು ಹರಿದ ಮೇಲೆ ಅಜ್ಜ ಅಂಗೈಯಗಲದ ಒಂದು ಸ್ಲೇಟು ತೆಗೆದರು. ಅದರ ಮೇಲೆ ಪೆನ್ಸಿಲಿನಂಥ ಕಡ್ಡಿ ಉಜ್ಜಿದರೆ ಹೇಂಟೆಯ ದನಿ ಬರುತ್ತದೆ. ಒಂದನೇ ಕ್ಲಾಸಿನಲ್ಲಿ ಸ್ಲೇಟಿನ ಮೇಲೆ ಬಳಪ ಕಿರ್ ಅಂದರೆ ಮೇಷ್ಟ್ರು ಗದರುತ್ತಿದ್ದರು. ಇಲ್ಲಿ ಆ ಕಿರ್ ಅನ್ನೋದೇ ವಿದ್ಯೆ. ಆದರೆ ಈ ಬೇಟೆಯ ಕಷ್ಟ ಇರುವುದೂ ಇಲ್ಲೇ. ಕಾಡಿನಲ್ಲಿ ಹುಂಜ ಕೂಗುತ್ತದೆ, ಹೇಂಟೆ ಅದರ ಹತ್ತಿರ ಹೋಗುತ್ತದೆ. ನಾವು ಹೇಂಟೆಯಾಗಿ ಕೂಗಿ ಹುಂಜವನ್ನೇ ಬಾ ಅನ್ನುತ್ತೇವೆ. ಅದಕ್ಕೇ ಎಷ್ಟೋ ಹುಂಜಗಳು ಅರ್ಧ ದಾರಿಗೆ ಬಂದು ನಿಂತುಬಿಡುತ್ತವೆ. ಇನ್ನು ನೀನು ಬಾ, ಅಂತ.

ನಮ್ಮದೂ ನಿಂತಿತು. ಬಾಲ ಬೀಸಣಿಗೆಯಂತೆ ಬಿಚ್ಚಿ, ರೆಕ್ಕೆ ನೆಲಕ್ಕೆ ಎಳೆಯುತ್ತಾ ಅತ್ತಿತ್ತ ತಿರುಗಿತು. ಬಿಸಿಲು ಬಿದ್ದಾಗ ಮೈಯೆಲ್ಲ ತಾಮ್ರದ ಬಣ್ಣ. ನನಗೆ ಅದು ಪಕ್ಕದಲ್ಲೇ ಇದ್ದಂತೆ ಕಂಡಿತು. ಬೆರಳು ಕೋವಿಯ ಕುದುರೆಯ (ಟ್ರಿಗರ್) ಹತ್ತಿರ ಹೋಯಿತು. ಅಜ್ಜ ಪಿಸುಗುಟ್ಟಿದರು: "ದೂರ. ಬೇಡ." ಹತ್ತು ನಿಮಿಷ ಕಣ್ಣು ಮಿಟುಕಿಸೋಕೂ ಹೆದರಿ ಕೂತೆ. ಅದು ಬಾಲ ಮುಚ್ಚಿ, ತಿರುಗಿ, ನಡೆದು ಹೋಯಿತು. ಆಮೇಲೆ ಅಜ್ಜ ಎದ್ದು ಉದ್ದ ಹೆಜ್ಜೆ ಹಾಕುತ್ತಾ ಎಣಿಸಿದರು. 58 ಗಜ. ಹೊಡೆಯಲು ಅವರು ಇಟ್ಟುಕೊಂಡ ಗಡಿ 40.

ಟರ್ಕಿಗೆ ಗುರಿ ಇಡುವುದು ತಲೆ, ಕುತ್ತಿಗೆಗೆ. ದೂರ ಹೆಚ್ಚಿದಂತೆ ತೋಟಾದ ಸಣ್ಣ ಗುಂಡುಗಳು ಚದುರುತ್ತವೆ, ಬಿರುಸು ಕಳೆದುಕೊಳ್ಳುತ್ತವೆ. ಒಂದೆರಡು ಮೈಗೆ ತಗುಲಿದರೆ ಹಕ್ಕಿ ಅಲ್ಲೇ ಬೀಳುವುದಿಲ್ಲ. ಹಾರಿಹೋಗಿ ಯಾವುದೋ ಪೊದೆಯಲ್ಲಿ ನರಳಿ ಸಾಯುತ್ತದೆ. ಈಗ ಟಂಗ್‌ಸ್ಟನ್ ಅನ್ನುವ ಭಾರವಾದ ಲೋಹದ ತೋಟಾ ಬಂದಿವೆ, 60 ಗಜ ಹೊಡೆದೆ ಅಂತ ವಿಡಿಯೋ ಹಾಕುವವರೂ ಜಾಸ್ತಿಯಾಗಿದ್ದಾರೆ. ಹೊಸಬರು ದಯವಿಟ್ಟು ಅದನ್ನು ನೋಡಿ ಕಲಿಯಬೇಡಿ. ತೋಟಾ ಬಲವಾದರೂ ದೂರ ಅಳೆಯುವ ಕಣ್ಣು ನಮ್ಮದೇ ಅಲ್ವಾ? ಆ ದಿನ ನನ್ನ ಕಣ್ಣು 58 ಗಜವನ್ನು 35 ಅಂತ ನಂಬಿತ್ತು.

ಈ ಹಕ್ಕಿ ಇಲ್ಲಿ ಉಳಿದದ್ದೂ ಸುಲಭವಾಗಿ ಅಲ್ಲ. ಮಿತಿಯಿಲ್ಲದ ಬೇಟೆ, ಕಾಡು ಕಡಿದದ್ದು ಎರಡೂ ಸೇರಿ 1930ರ ದಶಕದ ಹೊತ್ತಿಗೆ ಮಿಸೌರಿಯಲ್ಲಿ ಟರ್ಕಿ ಹೆಚ್ಚುಕಡಿಮೆ ಮುಗಿದೇ ಹೋಗಿತ್ತು. ಬೇಟೆ ನಿಲ್ಲಿಸಿದರು. ಸಾಕಿದ ಹಕ್ಕಿಗಳನ್ನು ಬಿಟ್ಟು ನೋಡಿದರು, ಅವು ಕಾಡಿನಲ್ಲಿ ಬದುಕಲಿಲ್ಲ. 1954ರಿಂದ ಓಜಾರ್ಕ್ ಗುಡ್ಡಗಳಲ್ಲಿ ಉಳಿದಿದ್ದ ಕಾಡು ಟರ್ಕಿಗಳನ್ನೇ ಬಲೆ ಹಾಕಿ ಹಿಡಿದು ಬೇರೆ ಕಡೆ ಬಿಟ್ಟರು. 1960ರಲ್ಲಿ ಮತ್ತೆ ಬೇಟೆ ತೆರೆದಾಗ ಸಿಕ್ಕಿದ್ದು 14 ಕೌಂಟಿ (ನಮ್ಮ ಜಿಲ್ಲೆಯಂಥವು), ಮೂರೇ ದಿನ. ಇಂಥ ಕೆಲಸಕ್ಕೆ ಬೇಟೆಯ ಪರವಾನಗಿಯಿಂದಲೂ ದುಡ್ಡು ಬರುತ್ತದೆ. ಜೊತೆಗೆ 1937ರ ಕಾನೂನಿನಂತೆ ಬೇಟೆಯ ಕೋವಿ, ತೋಟಾಗಳ ಮೇಲೆ 11% ತೆರಿಗೆ ಇದೆ. ಇಷ್ಟು ಕಷ್ಟಪಟ್ಟು ಉಳಿಸಿದ ಹಕ್ಕಿಯನ್ನು ಗಾಯ ಮಾಡಿ ಕಳೆದುಕೊಳ್ಳುವುದು ನನಗೆ ಕಳ್ಳತನದ ಹಾಗೆ ಕಾಣುತ್ತದೆ.

ನಮ್ಮ ಊರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾನೂನಿನಂತೆ ಶಿಕಾರಿ ಅಪರಾಧ. ಮನೆಯ ಕೋವಿ ಚುನಾವಣೆ ಬಂದಾಗಲೆಲ್ಲ ಠಾಣೆಗೆ ಹೋಗಿ ಬರುತ್ತದೆ, ಅಷ್ಟೆ. ಹಾಗಾಗಿ ಕೋವಿ ಎತ್ತುವುದು, ಇಳಿಸುವುದು ಎರಡನ್ನೂ ನಾನು ಕಲಿಯುತ್ತಿರುವುದು ಇಲ್ಲೇ, ಈ ಅಜ್ಜನಿಂದ.

ಈಗ ಸಂಜೆ ವಾಕಿಂಗ್ ಹೋದಾಗ ಮುಂದಿನ ಮರ ಎಷ್ಟು ಗಜ ಅಂತ ಮೊದಲು ಅಂದಾಜು ಮಾಡಿ, ಆಮೇಲೆ ಹೆಜ್ಜೆ ಎಣಿಸುತ್ತೇನೆ. ನಿನ್ನೆ 40 ಅಂದುಕೊಂಡದ್ದು 52 ಇತ್ತು.